ಗೊತ್ತಿಲ್ಲದೆ ಮಾಡೋದಂತೆ, ಪಾಪ!

ಇವತ್ತು ಹಾಸನದ ಸಾಲಗಾಮೆ ರೋಡ್ ಕಡೆ ಒಂದು ಸಂಸ್ಥೇಲಿ, ಗೊತ್ತಿಲ್ದೇನೇ ಮಾಡೋ ತಾರತಮ್ಯದ ಬಗ್ಗೆ ಅರ್ಧ ದಿನದ ಟ್ರೈನಿಂಗು. ಬೆಂಗಳೂರಿಂದ ಬಂದಿದ್ದ ಟ್ರೈನರ್ ಮಹಾಶಯ್ರು ಎಲ್ರಿಗೂ ಲ್ಯಾಪ್‌ಟಾಪಲ್ಲಿ ಒಂದು ಟೆಸ್ಟ್ ಮಾಡ್ಸಿ, "ನಿಮ್ಮೊಳಗೆ ಅಡಗಿರೋ ಪೂರ್ವಗ್ರಹ ಎಷ್ಟು ಅಂತ ಇಲ್ಲಿ ಬಂತು ನೋಡಿ, ಸೈಂಟಿಫಿಕಲಿ ಪ್ರೂವ್ಡ್" ಅಂದ್ರು. ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡೇ ಹೊಟ್ಟೆ ಹೊರೆಯೋಳ ಮುಂದೆ ಪ್ರೂವ್ಡ್ ಅಂದ್ರೆ ಏನಾಗುತ್ತೆ ನಿಮಗೆ ಗೊತ್ತಲ್ಲ.

ಆ ಟೆಸ್ಟು ಐಎಟಿ, ಅಂದ್ರೆ ಇಂಪ್ಲಿಸಿಟ್ ಅಸೋಸಿಯೇಷನ್ ಟೆಸ್ಟ್. 1998ರಲ್ಲಿ ಅಮೆರಿಕದ ಆಂಟನಿ ಗ್ರೀನ್‌ವಾಲ್ಡ್ ಮತ್ತೆ ಜೊತೆಯವರು ಪ್ರಕಟಿಸಿದ್ದು, ಅದನ್ನ ಬೆಳೆಸಿದವರಲ್ಲಿ ಮಹಜರಿನ್ ಬನಾಜಿ ನಮ್ಮ ಸಿಕಂದರಾಬಾದಲ್ಲಿ ಹುಟ್ಟಿದವ್ರು. ಕರಿ ಮುಖ, ಬಿಳಿ ಮುಖ, ಒಳ್ಳೆ ಪದ, ಕೆಟ್ಟ ಪದ ಒಂದಾದ್ಮೇಲೊಂದು ಬರ್ತವೆ, ಎರಡು ಕೀ ಒತ್ತಿ ವಿಂಗಡಿಸ್ತಾ ಹೋಗ್ಬೇಕು. ಒಂದು ಸುತ್ತಲ್ಲಿ ಕರಿ ಮುಖಕ್ಕೂ ಒಳ್ಳೆ ಪದಕ್ಕೂ ಒಂದೇ ಕೀ, ಇನ್ನೊಂದು ಸುತ್ತಲ್ಲಿ ಕರಿ ಮುಖಕ್ಕೂ ಕೆಟ್ಟ ಪದಕ್ಕೂ ಒಂದೇ ಕೀ, ಯಾವ ಜೋಡಿಗೆ ಬೆರಳು ತಡವರಿಸ್ತು ಅಂತ ಮಿಲಿಸೆಕೆಂಡಲ್ಲಿ ಲೆಕ್ಕ. ಸಾವಿರಾರು ಜನರ ಸರಾಸರಿ ತೆಗೆದ್ರೆ ವ್ಯತ್ಯಾಸ ಕಾಣುತ್ತೆ, ಸುಳ್ಳಲ್ಲ. ಆದ್ರೆ ಅದೇ ಮನುಷ್ಯನಿಗೆ ಇನ್ನೊಂದಿನ ಕೊಟ್ಟು ನೋಡಿ, ಎರಡು ಸಲದ ಅಂಕಗಳ ಸಹಸಂಬಂಧ (ಪೂರ್ತಿ ತಾಳೆಯಾದ್ರೆ 1, ಸಂಬಂಧವೇ ಇಲ್ದಿದ್ರೆ 0) 0.5ರ ಆಸುಪಾಸು ಅಷ್ಟೇ. ಸಂತೇಲಿ ಇಂಥ ತಕ್ಕಡಿ ಇಟ್ಕೊಂಡು ಮೆಣಸಿನಕಾಯಿ ಮಾರಿದ್ರೆ ಜನ ಸುಮ್ನೆ ಬಿಡ್ತಾರಾ? ಒಬ್ಬೊಬ್ಬರಿಗೆ ಹಣೆಪಟ್ಟಿ ಹಚ್ಚೋಕೆ ಇದನ್ನ ಬಳಸ್ಬೇಡಿ ಅಂತ ಮಾಡ್ದವ್ರೇ ಹೇಳಿದಾರೆ. 2019ರಲ್ಲಿ ಇಂಥ ಟೆಸ್ಟುಗಳ ಮೇಲಿನ ಸುಮಾರು 500 ಅಧ್ಯಯನ ಒಟ್ಟಿಗೆ ಹಾಕಿ ನೋಡಿದ್ರಲ್ಲ, ಅಂಕ ಬದಲಾಯ್ಸಿದ್ರೆ ನಡವಳಿಕೆನೂ ಬದಲಾಗುತ್ತೆ ಅನ್ನೋಕೆ ಅದ್ರಲ್ಲೂ ಆಧಾರ ಸಿಗ್ಲಿಲ್ಲ. ಟ್ರೈನರ್ ಸ್ಲೈಡಲ್ಲಿ ಇದ್ಯಾವ್ದೂ ಇರ್ಲಿಲ್ಲ ಬಿಡಿ, ನಗೋ ಮುಖದ ಮೆದುಳಿನ ಚಿತ್ರ ಇತ್ತು.

ಹಾಗಂತ ತಾರತಮ್ಯ ಇಲ್ಲ ಅಂದ್ನಾ ನಾನು? ಗಟ್ಟಿ ಪುರಾವೆ ಬೇಕಾ, 2007ರಲ್ಲಿ ಸುಖದೇವ್ ಥೋರಟ್, ಪಾಲ್ ಅಟೆವೆಲ್ ಅನ್ನೋ ಸಂಶೋಧಕರು ನಮ್ಮ ದೇಶದ ಖಾಸಗಿ ಕಂಪನಿಗಳಿಗೆ ಅರ್ಜಿ ಹಾಕ್ಸಿ ನೋಡಿದ್ದಿದೆ. ಓದು ಒಂದೇ ಥರ, ಬೇರೆ ಇದ್ದಿದ್ದು ಹೆಸರು. ಮೇಲ್ಜಾತಿ ಹೆಸರಿಗೆ ಹೋಲಿಸಿದ್ರೆ ಇಂಟರ್‌ವ್ಯೂ ಕರೆ ಬರೋ ಆಡ್ಸ್ (ಕರೆ ಬರೋದಕ್ಕೂ ಬರದೇ ಇರೋದಕ್ಕೂ ಇರೋ ಅನುಪಾತ) ದಲಿತ ಹೆಸರಿಗೆ ಸುಮಾರು 0.67 ಪಟ್ಟು, ಮುಸ್ಲಿಂ ಹೆಸರಿಗೆ ಸುಮಾರು 0.33 ಪಟ್ಟು. ಇಲ್ಲಿ ಯಾರ ತಲೆ ಒಳಗೂ ಇಣುಕಿಲ್ಲ. ಅರ್ಜಿ ಪಕ್ಕಕ್ಕಿಟ್ಟವನು ಗೊತ್ತಿದ್ದೇ ಇಟ್ನೋ, ಗೊತ್ತಿಲ್ದೆ ಇಟ್ನೋ ಈ ಅಂಕಿ ಹೇಳಲ್ಲ, ಹೇಳ್ಬೇಕಾಗೂ ಇಲ್ಲ.

ನನ್ನ ಹೊಟ್ಟೆಉರಿ ಇದೇ. ನಮ್ಮೂರಲ್ಲಿ ನಡೆಯೋದೆಲ್ಲ ಹಾಡಹಗಲು, ಗೊತ್ತಿದ್ದೇ. ಟು ಲೆಟ್ ಬೋರ್ಡ್ ನೋಡಿ ಫೋನ್ ಮಾಡಿದ್ರೆ "ನಿಮ್ದು ಏನ್ ಜನ?" ಅಂತ ಕೇಳ್ತಾರಲ್ಲ, ಅದು ಅರಿವಿಲ್ಲದ್ದಾ? ಮೂಡಿಗೆರೆ ಕಡೆ ನೆಂಟರ ತೋಟದಲ್ಲಿ ಆಳುಗಳ ಲೋಟ ಹೊರಗಿನ ಗೂಡಲ್ಲಿ ಬೇರೆ ಇರುತ್ತೆ, ಅದು ತಾನಾಗೇ ನಡ್ಕೊಂಡು ಹೋಗಿ ಕೂತ್ಕೊಳ್ತಾ? ನನ್ನ ಜೊತೆ ಎಂಎಸ್ಸಿ ಮಾಡಿದವಳು, ನನಗಿಂತ ಜಾಣೆ, ವಿದ್ಯಾನಗರದಲ್ಲಿ ಅಡ್ವಾನ್ಸ್ ಕೊಟ್ಟು ಬಂದ ಮೇಲೆ ಜಾತಿ ಗೊತ್ತಾಗಿ "ನಮ್ ತಂಗಿನೇ ಬರ್ತಾಳಂತೆ ಕಣಮ್ಮ" ಅಂತ ದುಡ್ಡು ವಾಪಸ್ಸು. ಅದೇ ಬೀದೀಲಿ ನನಗೆ ಕೇಳಿದ ಮೊದಲನೇ ಮನೆನೇ ಸಿಕ್ತು. ನಾವು ಗೌಡ್ರು ನೋಡಿ.

ಊಟದ ಹೊತ್ತಲ್ಲಿ ಸಹೋದ್ಯೋಗಿಯೊಬ್ರು, "ಮೇಡಂ, ಕೆಲವರಿಗೆ ನಿಜವಾಗ್ಲೂ ಗೊತ್ತಾಗಲ್ಲ" ಅಂದ್ರು. ಇರಬಹುದು. 2012ರಲ್ಲಿ ಅಮೆರಿಕದ ವಿಜ್ಞಾನ ಪ್ರೊಫೆಸರ್‌ಗಳಿಗೆ ಒಂದೇ ಅರ್ಜೀನ ಕೆಲವರಿಗೆ ಜಾನ್ ಹೆಸರಲ್ಲಿ, ಉಳಿದವರಿಗೆ ಜೆನಿಫರ್ ಹೆಸರಲ್ಲಿ ಕಳ್ಸಿದ್ರು, ಜೆನಿಫರ್‌ಗೆ ಕಮ್ಮಿ ಅಂಕ ಕೊಟ್ಟವರಲ್ಲಿ ಹೆಂಗಸರೂ ಇದ್ರು. ಸರಿ, ಒಪ್ದೆ. ಆದ್ರೆ ತಂಗಿ ಇಲ್ದೇನೇ ತಂಗಿ ಬರ್ತಾಳೆ ಅನ್ನೋರಿಗೂ "ಪಾಪ, ಗೊತ್ತಿಲ್ಲ" ಅಂತ ಸರ್ಟಿಫಿಕೇಟ್ ಕೊಡ್ಬೇಕಾ?

ಕೊನೇಲಿ ಫೀಡ್‌ಬ್ಯಾಕ್ ಫಾರಂ ಕೊಟ್ರು. ಅರ್ಜಿಗಳ ಹೆಸರು ಮುಚ್ಚಿ ಶಾರ್ಟ್‌ಲಿಸ್ಟ್ ಮಾಡಿ, ಯಾವ ಯಾವ ವರ್ಗದಿಂದ ಎಷ್ಟು ಜನರನ್ನ ಕರೆದ್ರಿ ಅಂತ ವರ್ಷವರ್ಷ ನೋಟಿಸ್ ಬೋರ್ಡಿಗೆ ಹಾಕಿ, ಟೆಸ್ಟ್ ಆಮೇಲೆ ನೋಡೋಣ ಅಂತ ಬರೆದೆ. ಕೊಟ್ಟಿದ್ದ ಎರಡು ಗೆರೆ ಸಾಲ್ಲಿಲ್ಲ, ಹಿಂದುಗಡೆನೂ ಬರೆದೆ.