ಹಾರಲು ಹೊರಟವರ ಕಾಲ್ನಡಿಗೆ

ವಿಮಾನದಲ್ಲಿ ಹೋಗುತ್ತೇವೆ ಎನ್ನುವವರು ಹೇಳುವುದು ಅರ್ಧ ಸತ್ಯ. ವಿಮಾನದಲ್ಲಿ ಅವರು ಕೂರುತ್ತಾರೆ, ಅಷ್ಟೇ. ಹೋಗುವ ಕೆಲಸವನ್ನೆಲ್ಲ ಹತ್ತುವ ಮೊದಲು ಮತ್ತು ಇಳಿದ ಮೇಲೆ ತಮ್ಮೆರಡು ಕಾಲುಗಳಿಂದಲೇ ಮಾಡುತ್ತಾರೆ. ಬೆಳಗಿನ ವಾಕಿಂಗ್ ಶುರು ಮಾಡಿ ಎಂದು ವೈದ್ಯರು ಹೇಳಿದ್ದನ್ನು ವರ್ಷಗಟ್ಟಲೆ ಮುಂದೂಡುತ್ತ ಬಂದವರೂ ದೊಡ್ಡ ನಗರದ ವಿಮಾನ ನಿಲ್ದಾಣದಲ್ಲಿ ತಕರಾರಿಲ್ಲದೆ ನಡೆಯುತ್ತಾರೆ. ಅದೂ ಹೆಗಲಿಗೊಂದು ಚೀಲ, ಕೈಗೊಂದು ಪೆಟ್ಟಿಗೆ, ಹಲ್ಲಿನ ನಡುವೆ ಬೋರ್ಡಿಂಗ್ ಪಾಸ್ ಕಚ್ಚಿಕೊಂಡು.

ನಡಿಗೆಗೂ ಮುಂಚೆ ಒಂದು ಜಗಳವಿದೆ. ಮನೆಯಿಂದ ಎಷ್ಟು ಹೊತ್ತಿಗೆ ಹೊರಡಬೇಕು? ಈ ವಿಚಾರದಲ್ಲಿ ಮನುಷ್ಯರಲ್ಲಿ ಎರಡೇ ಪಂಗಡ. ವಿಮಾನ ಹೊರಡುವ ನಾಲ್ಕು ಗಂಟೆ ಮೊದಲೇ ಹೋಗಿ ಕೂತರೆ ಮಾತ್ರ ಎದೆಬಡಿತ ತಹಬಂದಿಗೆ ಬರುವವರು ಒಂದು ಪಂಗಡ. ಕೊನೆಯ ಕರೆಗೆ ಓಗೊಡುತ್ತ ಒಳಗೆ ನುಗ್ಗಿದರೆ ಮಾತ್ರ ಟಿಕೆಟಿನ ದುಡ್ಡು ವಸೂಲಾಯಿತು ಎಂದುಕೊಳ್ಳುವವರು ಇನ್ನೊಂದು. ಯಾವ ದೇವರ ಕಿತಾಪತಿಯೋ, ಒಂದು ಪಂಗಡದವರು ಇನ್ನೊಂದು ಪಂಗಡದವರನ್ನೇ ಹುಡುಕಿ ಮದುವೆಯಾಗುತ್ತಾರೆ. ನಾನು ಮೊದಲ ಪಂಗಡದವನು. “ಇಷ್ಟು ಬೇಗ ಹೋಗಿ ಏನು ಮಾಡುತ್ತೀರಿ, ರನ್‌ವೇ ಗುಡಿಸುತ್ತೀರಾ?” ಎಂದು ನನ್ನಾಕೆ ಕೇಳುತ್ತಾಳೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಲೆಕ್ಕ ಹಾಕಿ ನೋಡಿ. ವಿದೇಶಕ್ಕಾದರೆ ಮೂರು ಗಂಟೆ ಮೊದಲು ಬನ್ನಿ ಎಂದು ವಿಮಾನದವರು ತಮ್ಮ ಜಾಗ್ರತೆಗೆ ಹೇಳುತ್ತಾರೆ. ಟ್ಯಾಕ್ಸಿಯವನು ತನ್ನ ಜಾಗ್ರತೆಗೆ ಅರ್ಧ ಗಂಟೆ ಸೇರಿಸುತ್ತಾನೆ. ಮೊಬೈಲಿನ ನಕ್ಷೆಯಲ್ಲಿ ಕೆಂಪು ಗೆರೆ ಕಂಡರೆ ಇನ್ನರ್ಧ. ಟೈರು ಪಂಕ್ಚರಾದರೆ ಎಂಬ ಬಾಬ್ತಿಗೆ ನನ್ನದೊಂದು ಮುಕ್ಕಾಲು ಗಂಟೆ. ಎಲ್ಲರೂ ಇನ್ನೊಬ್ಬರ ಜಾಗ್ರತೆಯ ಮೇಲೆ ತಮ್ಮ ಜಾಗ್ರತೆಯನ್ನು ಪೇರಿಸಿದ ಮೇಲೆ, ಎರಡು ಗಂಟೆ ಹಾರುವುದಕ್ಕೆ ಅರ್ಧ ದಿನ ಬೇಕಾಗುವುದರಲ್ಲಿ ಆಶ್ಚರ್ಯವೇನು?

ಜಗಳದ ಬೇರು ದಂಪತಿಗಳಲ್ಲಿಲ್ಲ, ದೂರದಲ್ಲಿದೆ. ನಗರಕ್ಕೆ ವಿಮಾನ ನಿಲ್ದಾಣ ಬೇಕು, ಅದರ ಸದ್ದು ಬೇಡ. ಹಾಗಾಗಿ ನಗರ ಬೆಳೆದಂತೆಲ್ಲ ನಿಲ್ದಾಣವನ್ನು ಹೊರಕ್ಕೆ ತಳ್ಳುತ್ತ ಹೋಗುತ್ತದೆ. ಬರ್ಲಿನ್ನಿನ ಟೆಂಪಲ್‌ಹೋಫ್ ನಗರದ ಒಳಗೇ ಇದ್ದ ನಿಲ್ದಾಣ. 2008ರಲ್ಲಿ ಅದನ್ನು ಮುಚ್ಚಿ, ಮುಂದೆ ಉದ್ಯಾನ ಮಾಡಿದರು. ಈಗ ಅಲ್ಲಿನ ರನ್‌ವೇ ಮೇಲೆ ಜನ ಸೈಕಲ್ ಹೊಡೆಯುತ್ತಾರೆ, ನಡೆಯುತ್ತಾರೆ. ಹಾರಾಟ ನಿಂತರೂ ನಡಿಗೆ ನಿಲ್ಲಲಿಲ್ಲ ಎಂಬುದನ್ನು ಗಮನಿಸಬೇಕು. ದೂರ ತಳ್ಳುವುದಕ್ಕೂ ಒಂದು ಮಿತಿಯಿದೆ. ಕೆನಡಾದ ಮಾಂಟ್ರಿಯಲ್‌ನವರು 1975ರಲ್ಲಿ ಮಿರಾಬೆಲ್ ಎಂಬಲ್ಲಿ ಭಾರಿ ನಿಲ್ದಾಣವೊಂದನ್ನು ತೆರೆದರು. ಅಲ್ಲಿಗೆ ವೇಗದ ರೈಲು ಬರುತ್ತದೆ ಎಂದರು. ರೈಲು ಬರಲೇ ಇಲ್ಲ. ಪ್ರಯಾಣಿಕರಿಗೆ ನಗರದ ಹತ್ತಿರವೇ ಇದ್ದ ಹಳೆಯ ನಿಲ್ದಾಣದ ಮೇಲಿನ ಪ್ರೀತಿಯೂ ಹೋಗಲಿಲ್ಲ. ಕೊನೆಗೆ 2004ರಲ್ಲಿ ಮಿರಾಬೆಲ್‌ನಿಂದ ಪ್ರಯಾಣಿಕರ ವಿಮಾನಗಳು ನಿಂತವು, ಮುಂದೆ ಕಟ್ಟಡವನ್ನೂ ಕೆಡವಿದರು. ತಲುಪಲು ಆಗದ ನಿಲ್ದಾಣ ಎಷ್ಟು ಭವ್ಯವಾಗಿದ್ದರೇನು?

ರೈಲು ಬಂದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಎಂದೂ ಇಲ್ಲ. ಶಾಂಘೈ ನಗರದ ಪುಡಾಂಗ್ ನಿಲ್ದಾಣದಿಂದ ಹೊರಡುವ ಅಯಸ್ಕಾಂತ ರೈಲು ಹಳಿಯನ್ನು ಮುಟ್ಟದೆ ತೇಲುತ್ತದೆ. ಗಂಟೆಗೆ 431 ಕಿಲೋಮೀಟರ್ ವೇಗದಲ್ಲಿ ಓಡಬಲ್ಲ ಅದು ಸುಮಾರು 30 ಕಿಲೋಮೀಟರ್ ದೂರವನ್ನು ಎಂಟೇ ನಿಮಿಷದಲ್ಲಿ ದಾಟಿದ ದಾಖಲೆಯಿದೆ. ಆದರೆ ಅದು ನಗರದ ನಡುಮಧ್ಯಕ್ಕೆ ಹೋಗುವುದಿಲ್ಲ. ಲಾಂಗ್‌ಯಾಂಗ್ ರಸ್ತೆಯ ನಿಲ್ದಾಣದಲ್ಲಿ ಇಳಿಸಿ, ಮುಂದಕ್ಕೆ ಮೆಟ್ರೊ ಹಿಡಿಯಿರಿ ಎನ್ನುತ್ತದೆ. ಎಂಟು ನಿಮಿಷದಲ್ಲಿ ಉಳಿಸಿದ ಸಮಯವನ್ನು ಪೆಟ್ಟಿಗೆ ಎಳೆದುಕೊಂಡು ಮೆಟ್ರೊದ ಮೆಟ್ಟಿಲುಗಳಲ್ಲಿ ಖರ್ಚು ಮಾಡಬೇಕು. ಲಂಡನ್ನಿನ ಹೀಥ್ರೂಗೆ ಸುರಂಗ ರೈಲು 1977ರಲ್ಲೇ ಬಂತು. ಆದರೆ ಹತ್ತುವ ಮುನ್ನ ಅದರ ಮುಖದ ಮೇಲಿನ ಬರಹ ಓದಬೇಕು. ನಾಲ್ಕನೆಯ ಟರ್ಮಿನಲ್ಲಿಗೆ ಹೋಗುವುದು ಒಂದು ರೈಲು, ಐದನೆಯದಕ್ಕೆ ಇನ್ನೊಂದು. ಅಲ್ಲಿನ ಎಣಿಕೆಯೇ ವಿಚಿತ್ರ. ಒಂದನೆಯ ಟರ್ಮಿನಲ್ 2015ರಲ್ಲಿ ಮುಚ್ಚಿಹೋಯಿತು. ಉಳಿದವು ಎರಡು, ಮೂರು, ನಾಲ್ಕು, ಐದು. ಮೊದಲನೆಯದೇ ಇಲ್ಲದ ಊರಿನಲ್ಲಿ ಐದನೆಯದನ್ನು ಹುಡುಕಿಕೊಂಡು ಹೋಗುವ ಪ್ರಯಾಣಿಕನ ಬಗ್ಗೆ ನನಗೆ ಗೌರವವಿದೆ.

ಕಾರಿನಲ್ಲಿ ಬಂದವರ ಪಾಡು ಬೇರೆ. ನಿಲ್ದಾಣದ ಬಾಗಿಲ ಮುಂದೆ ಕಾರು ನಿಲ್ಲಬಹುದು, ನಿಂತಿರಬಾರದು. ಜಗತ್ತಿನಲ್ಲಿ ಬೀಳ್ಕೊಡುಗೆ ಇಷ್ಟು ತ್ವರಿತವಾಗಿ ನಡೆಯುವ ಜಾಗ ಇನ್ನೊಂದಿಲ್ಲ. ಎರಡು ವರ್ಷಕ್ಕೆಂದು ಹೊರಟ ಮಗನನ್ನು ತಾಯಿ ಅಪ್ಪಿಕೊಂಡಿರುತ್ತಾಳೆ. ಹಿಂದಿನ ಕಾರಿನವನು ಹಾರ್ನ್ ಒತ್ತುತ್ತಾನೆ. ಕಾವಲಿನವನು ಸೀಟಿ ಊದಿ ಕೈಯಾಡಿಸುತ್ತಾನೆ. ತಂದೆ ಡಿಕ್ಕಿಯನ್ನು ಧಡಕ್ಕನೆ ಮುಚ್ಚಿ, ಹೇಳಬೇಕಾದದ್ದನ್ನೆಲ್ಲ ಬಿಟ್ಟು “ಪಾಸ್‌ಪೋರ್ಟ್ ಇದೆಯಲ್ಲ?” ಎಂದಷ್ಟೇ ಕೇಳುತ್ತಾನೆ. ಮನೆಯಲ್ಲಿ ಮೂರು ದಿನದಿಂದ ಅಳುತ್ತಿದ್ದವರು ಇಲ್ಲಿ ಅಳಲು ಪುರುಸೊತ್ತಿಲ್ಲದೆ ಕಾರು ಹತ್ತುತ್ತಾರೆ.

ಒಳಗೆ ಬಂದವನಿಗೆ ಮೊದಲು ಸಿಗುವುದು ಹಾವಿನಂತೆ ಹೊರಳುವ ಸಾಲು. ಇಪ್ಪತ್ತು ಹೆಜ್ಜೆಯ ದೂರವನ್ನು ಪಟ್ಟಿ ಕಟ್ಟಿ ಇನ್ನೂರು ಹೆಜ್ಜೆ ಮಾಡಿರುತ್ತಾರೆ. ಅದೇ ಮುಖಗಳು ಒಂದು ತಿರುವಿಗೊಮ್ಮೆ ಎದುರಾಗುತ್ತವೆ. ಮೊದಲ ಸಲ ಗಂಭೀರ ಮುಖ, ಎರಡನೆಯ ಸಲ ಅರ್ಧ ನಗು, ಮೂರನೆಯ ಸಲಕ್ಕೆ ಅವರ ಮಗುವಿನ ಹೆಸರು ಗೊತ್ತಾಗಿರುತ್ತದೆ. ಚೆಕ್ ಇನ್ ಕೌಂಟರಿನ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಮೊಬೈಲ್ ಆ ಕೆಲಸವನ್ನು ಬಹುಮಟ್ಟಿಗೆ ಕಿತ್ತುಕೊಂಡಿದೆ. ಪೆಟ್ಟಿಗೆ ತೂಗುವಾಗ ಪ್ರಯಾಣಿಕ ಉಸಿರು ಬಿಗಿಹಿಡಿಯುವುದು ಮಾತ್ರ ಉಳಿದುಕೊಂಡಿದೆ, ಉಸಿರು ಬಿಟ್ಟರೆ ತೂಕ ಹೆಚ್ಚಾಗುತ್ತದೇನೋ ಎಂಬಂತೆ.

ಭದ್ರತಾ ತಪಾಸಣೆಯದೇ ದೊಡ್ಡ ಅಧ್ಯಾಯ. ನನಗಿಂತ ಮುಂದೆ ನಿಂತಿದ್ದ ಒಬ್ಬ ಗೃಹಸ್ಥರನ್ನು ಒಮ್ಮೆ ನೋಡುತ್ತ ನಿಂತಿದ್ದೆ. ಬೂದು ಬಣ್ಣದ ಟ್ರೇಯಲ್ಲಿ ಮೊದಲು ಕೈಗಡಿಯಾರ ಬಿತ್ತು. ಆಮೇಲೆ ಕನ್ನಡಕದ ಡಬ್ಬಿ, ಬೀಗದ ಕೈ ಗೊಂಚಲು, ಎದೆಯ ಕಿಸೆಯ ಪೆನ್ನು, ಮೊಬೈಲು, ಎರಡನೆಯ ಮೊಬೈಲು, ಚಿಲ್ಲರೆ. ಕೊನೆಗೆ ಸೊಂಟದ ಬೆಲ್ಟು. ಬಂದಾಗ ದೊಡ್ಡ ಅಧಿಕಾರಿಯಂತೆ ಕಾಣುತ್ತಿದ್ದವರು ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು, ಇನ್ನೊಂದು ಕೈ ಮೇಲೆತ್ತಿ, ಚೌಕಟ್ಟಿನ ಮೂಲಕ ಬರಿಗಾಲಲ್ಲಿ ನಡೆದರು. ಯಂತ್ರ ಕೂಗಿತು. ಕಿಸೆಯ ಮೂಲೆಯಲ್ಲಿ ಒಂದು ನಾಣ್ಯ ಉಳಿದಿತ್ತು.

ಇಲ್ಲಿ ಕಳಚುವ ಕೆಲವು ವಸ್ತುಗಳ ಹಿಂದೆ ಯಾರೋ ಮಾಡಲು ಹೊರಟ ಅನಾಹುತವಿದೆ. 2001ರ ಡಿಸೆಂಬರಿನಲ್ಲಿ ಪ್ಯಾರಿಸ್‌ನಿಂದ ಮಯಾಮಿಗೆ ಹೊರಟಿದ್ದ ವಿಮಾನದಲ್ಲಿ ಒಬ್ಬಾತ ಶೂವಿನೊಳಗಿನ ಸ್ಫೋಟಕಕ್ಕೆ ಬೆಂಕಿ ಹಚ್ಚಲು ನೋಡಿದ. ಅವನ ಕೈಯಲ್ಲಿ ಆಗಲಿಲ್ಲ, ಆದರೆ ಅವನ ದೆಸೆಯಿಂದ ಅಮೆರಿಕದ ನಿಲ್ದಾಣಗಳಲ್ಲಿ ಕೋಟ್ಯಂತರ ಜನ ವರ್ಷಗಟ್ಟಲೆ ಶೂ ಬಿಚ್ಚಿದರು. 2025ರಲ್ಲಿ ಆ ನಿಯಮ ಕೈಬಿಟ್ಟರು. 2006ರ ಆಗಸ್ಟಿನಲ್ಲಿ ಬ್ರಿಟನ್ನಿನಲ್ಲಿ ದ್ರವ ಸ್ಫೋಟಕದ ಸಂಚು ಬಯಲಾದ ಮೇಲೆ 100 ಮಿಲಿಲೀಟರಿನ ಮಿತಿ ಬಂತು. ಈ ಮಿತಿ ಬಾಟಲಿಗೆ, ಒಳಗಿರುವ ದ್ರವಕ್ಕಲ್ಲ. ತಳ ಕಾಣುವಷ್ಟು ಖಾಲಿಯಾದ ದೊಡ್ಡ ಶಾಂಪೂ ಬಾಟಲಿಯನ್ನು ಎತ್ತಿ ತೋರಿಸುತ್ತ ವಾದಿಸುವವರನ್ನು ಎಷ್ಟೋ ನಿಲ್ದಾಣಗಳಲ್ಲಿ ಕಾಣಬಹುದು. ತರ್ಕದಲ್ಲಿ ಅವರು ಗೆಲ್ಲುತ್ತಾರೆ, ಬಾಟಲಿ ಬುಟ್ಟಿಗೆ ಬೀಳುತ್ತದೆ. ಈಚೆಗೆ ಕೆಲವು ಕಡೆ ಹೊಸ ಸ್ಕ್ಯಾನರ್‌ಗಳು ಬಂದು ಲ್ಯಾಪ್‌ಟಾಪನ್ನು ಚೀಲದಲ್ಲೇ ಬಿಡಬಹುದಾಗಿದೆ. ಹೀಗಾಗಿ ಒಂದು ಊರಿನಲ್ಲಿ ತೆಗೆಯಲಿಲ್ಲವೆಂದು ಬೈಸಿಕೊಂಡವನು ಮುಂದಿನ ಊರಿನಲ್ಲಿ ತೆಗೆದದ್ದಕ್ಕೆ ಬೈಸಿಕೊಳ್ಳುತ್ತಾನೆ.

ಬೆಲ್ಟು ಬಿಗಿದುಕೊಂಡ ಮೇಲೆ ನಿಜವಾದ ನಡಿಗೆ. ಅಟ್ಲಾಂಟಾದಂಥ ನಿಲ್ದಾಣದಲ್ಲಿ ವರ್ಷಕ್ಕೆ ಹತ್ತು ಕೋಟಿಗೂ ಮೀರಿದ ಪ್ರಯಾಣಿಕರು ಓಡಾಡುತ್ತಾರೆ. ಅಲ್ಲಿ ಒಂದು ಸಾಲು ಗೇಟುಗಳಿಂದ ಇನ್ನೊಂದಕ್ಕೆ ಹೋಗಲು ನೆಲದಡಿ ರೈಲೇ ಇದೆ. ರೈಲು ಇಲ್ಲದ ಕಡೆ ಬಾಣದ ಗುರುತೇ ಗತಿ. ಈ ಗುರುತು ಬರೆಯುವುದು ಸಣ್ಣ ವಿದ್ಯೆಯಲ್ಲ. ಪ್ಯಾರಿಸ್ಸಿನ ಶಾರ್ಲ್ ದ ಗಾಲ್ ನಿಲ್ದಾಣ 1974ರಲ್ಲಿ ತೆರೆಯುವ ಮೊದಲು ಅದರ ಫಲಕಗಳಿಗೆಂದೇ ಆಡ್ರಿಯನ್ ಫ್ರೂಟಿಗರ್ ಎಂಬ ಸ್ವಿಸ್ ವಿನ್ಯಾಸಕಾರ ಅಕ್ಷರಗಳನ್ನು ರೂಪಿಸಿದ. ದೂರದಿಂದ, ಓರೆಯಿಂದ, ನಡೆಯುತ್ತಲೇ ಓದಲು ಬರಬೇಕು ಎಂಬುದು ಅವನ ಮುಂದಿದ್ದ ಷರತ್ತು. ಆ ಅಕ್ಷರಗಳು ಆಮೇಲೆ ಅವನ ಹೆಸರಿನಿಂದಲೇ ಜಗತ್ತಿನಾದ್ಯಂತ ಹರಡಿದವು. ಅಷ್ಟು ಚೆಂದದ ಅಕ್ಷರಗಳನ್ನು ತೂಗುಹಾಕಿದ ಆ ಮೊದಲ ಟರ್ಮಿನಲ್ ಮಾತ್ರ ವೃತ್ತಾಕಾರದ ಕಟ್ಟಡ. ಬಾಣ ಕಾಣದೆ ಸುಮ್ಮನೆ ನಡೆದವನು ಸುತ್ತು ಹೊಡೆದು ಹೊರಟಲ್ಲಿಗೇ ಬಂದು ನಿಲ್ಲಬೇಕು.

ಕೆಲವು ನಿಲ್ದಾಣಗಳು ಗೇಟಿಗೆ ಇಷ್ಟು ನಿಮಿಷ ಎಂದು ಫಲಕದಲ್ಲೇ ಬರೆಯುತ್ತವೆ. ಹದಿನೈದು ನಿಮಿಷ ಎಂದಿರುತ್ತದೆ. ಯಾರ ಹದಿನೈದು ನಿಮಿಷ? ಮಂಡಿ ನೋವಿನ ಅಜ್ಜಿಯದೋ, ಕಿವಿಗೆ ಹಾಡು ಸಿಕ್ಕಿಸಿಕೊಂಡು ಚಿಮ್ಮುವ ಹುಡುಗನದೋ? ಹತ್ತು ಹೆಜ್ಜೆಗೊಮ್ಮೆ ನೆಲದ ಮೇಲೆ ಕೂತು ಹಟ ಹಿಡಿಯುವ ಮಗುವಿನ ತಂದೆಯದಂತೂ ಅಲ್ಲ. ಚಲಿಸುವ ಹಾದಿ ಎಂಬ ರಬ್ಬರಿನ ಪಟ್ಟಿ ಇದೆಯಲ್ಲ ಎನ್ನುತ್ತೀರಿ. ಅದರ ಮೇಲೆ ಕಾಲಿಟ್ಟ ತಕ್ಷಣ ಜನ ನಡೆಯುವುದನ್ನು ನಿಲ್ಲಿಸಿಬಿಡುತ್ತಾರೆ. ಪಕ್ಕದ ಕಲ್ಲುನೆಲದ ಮೇಲೆ ನಡೆಯುವವರು ಅವರನ್ನು ದಾಟಿಕೊಂಡು ಮುಂದೆ ಹೋಗುತ್ತಾರೆ. ಎಲ್ಲರಿಗಿಂತ ಮುಂದೆ ಗಾಲಿಕುರ್ಚಿಯಲ್ಲಿ ಕೂತ ಹಿರಿಯರು. ತಳ್ಳುವ ಹುಡುಗನಿಗೆ ಅಡ್ಡದಾರಿಗಳೆಲ್ಲ ಬಾಯಿಪಾಠ. ಅವರು ರಾಜಗಾಂಭೀರ್ಯದಿಂದ ಸಾಗುವಾಗ ನಮ್ಮಂಥವರು ಬದಿಗೆ ಸರಿದು ನಿಲ್ಲಬೇಕು.

ದಾರಿ ಹೀಗೆ ಉದ್ದವಾಗುತ್ತ ಹೋದದ್ದರಿಂದಲೇ ಪೆಟ್ಟಿಗೆಗೆ ಗಾಲಿ ಬಂತು ಎಂದು ನನ್ನ ನಂಬಿಕೆ. ಬರ್ನಾರ್ಡ್ ಸ್ಯಾಡೋ ಎಂಬ ಅಮೆರಿಕದವನು ಗಾಲಿಯ ಸೂಟ್‌ಕೇಸಿಗೆ ಪೇಟೆಂಟ್ ಪಡೆದದ್ದು 1972ರಲ್ಲಿ. ವಿಮಾನ ನಿಲ್ದಾಣದಲ್ಲಿ ಕೆಲಸಗಾರನೊಬ್ಬ ಭಾರದ ಯಂತ್ರವನ್ನು ಗಾಲಿಯ ಹಲಗೆಯ ಮೇಲೆ ಸಲೀಸಾಗಿ ತಳ್ಳಿಕೊಂಡು ಹೋಗುವುದನ್ನು ನೋಡಿ ಅವನಿಗೆ ಇದು ಹೊಳೆಯಿತಂತೆ. ಅವನದು ನಾಲ್ಕು ಗಾಲಿಯ ಮೇಲೆ ಪಟ್ಟಿಯಿಂದ ಎಳೆಯುವ ಪೆಟ್ಟಿಗೆ, ತಿರುವಿನಲ್ಲಿ ಮಗುಚುತ್ತಿತ್ತು. ಎರಡು ಗಾಲಿಯ ಮೇಲೆ ನೆಟ್ಟಗೆ ನಿಲ್ಲಿಸಿ, ಉದ್ದ ಹಿಡಿಕೆ ಹಿಡಿದು ಎಳೆಯುವ ಪೆಟ್ಟಿಗೆ 1987ರಲ್ಲಿ ರಾಬರ್ಟ್ ಪ್ಲಾತ್ ಎಂಬ ಪೈಲಟ್ ಮಾಡಿದ್ದು. ಹಾರುವುದನ್ನೇ ಕಸುಬು ಮಾಡಿಕೊಂಡವನಿಗೂ ನಡಿಗೆಯ ಕಷ್ಟ ಗೊತ್ತಿತ್ತು.

ಅಂತೂ ಗೇಟು ತಲುಪಿ ವಿಮಾನದಲ್ಲಿ ಕೂತರೆ, ಅದೂ ನಡೆಯಲು ಶುರುಮಾಡುತ್ತದೆ. ಆಮ್‌ಸ್ಟರ್‌ಡ್ಯಾಮಿನ ಸ್ಕಿಪೋಲ್‌ನಲ್ಲಿ 2003ರಲ್ಲಿ ತೆರೆದ ಪೋಲ್ಡರ್‌ಬಾನ್ ಎಂಬ ರನ್‌ವೇ ಟರ್ಮಿನಲ್ಲಿನಿಂದ ಎಷ್ಟು ದೂರವೆಂದರೆ, ಅಲ್ಲಿ ಇಳಿದ ವಿಮಾನ ಹತ್ತು ಹದಿನೈದು ನಿಮಿಷ ನೆಲದ ಮೇಲೆ ಉರುಳುತ್ತದೆ. ದಾರಿಯಲ್ಲಿ ಹೆದ್ದಾರಿಯನ್ನೂ ಸೇತುವೆಯ ಮೇಲೆ ದಾಟುತ್ತದೆ. ಕೆಳಗೆ ಕಾರುಗಳು ವಿಮಾನಕ್ಕಿಂತ ಜೋರಾಗಿ ಓಡುತ್ತಿರುತ್ತವೆ.

ಪೆಟ್ಟಿಗೆಗಳಿಗಾದರೂ ಈ ನಡಿಗೆ ತಪ್ಪಲಿ ಎಂದು ಅಮೆರಿಕದ ಡೆನ್ವರ್‌ನವರು ತಮ್ಮ ಹೊಸ ನಿಲ್ದಾಣದಲ್ಲಿ ಹಳಿಯ ಮೇಲೆ ತಾನಾಗಿ ಓಡುವ ಬಂಡಿಗಳ ವ್ಯವಸ್ಥೆ ಮಾಡಿದರು. ಬಂಡಿಗಳು ಪೆಟ್ಟಿಗೆಗಳನ್ನು ಎಸೆದವು, ಹರಿದವು, ಸಿಕ್ಕಿಹಾಕಿಕೊಂಡವು. ಮುಖ್ಯವಾಗಿ ಇದರಿಂದಲೇ ನಿಲ್ದಾಣದ ಆರಂಭ 16 ತಿಂಗಳು ತಡವಾಗಿ 1995ರ ಫೆಬ್ರುವರಿಗೆ ಬಂತು. 2005ರಲ್ಲಿ ಆ ವ್ಯವಸ್ಥೆಗೆ ಕೈಮುಗಿದು, ಮನುಷ್ಯರು ಓಡಿಸುವ ಸಾದಾ ಗಾಡಿಗಳಿಗೇ ಮರಳಿದರು.

ಇಳಿದ ಮೇಲೆ ಲಗೇಜಿಗಾಗಿ ಕಾಯುವ ವಿಷಯದಲ್ಲಿ ಹ್ಯೂಸ್ಟನ್‌ನ ಒಂದು ಪ್ರಸಂಗವನ್ನು ಮತ್ತೆ ಮತ್ತೆ ಹೇಳುತ್ತಾರೆ. ಪೆಟ್ಟಿಗೆ ಬರುವುದು ತಡ ಎಂದು ಅಲ್ಲಿ ದೂರುಗಳ ಮೇಲೆ ದೂರು. ಆಡಳಿತದವರು ಹೆಚ್ಚು ಜನರನ್ನು ಹಾಕಿ ಕಾಯುವ ಸಮಯವನ್ನು ಎಂಟು ನಿಮಿಷಕ್ಕೆ ಇಳಿಸಿದರು. ದೂರು ನಿಲ್ಲಲಿಲ್ಲ. ನೋಡಿದರೆ, ಪ್ರಯಾಣಿಕರು ಒಂದು ನಿಮಿಷದಲ್ಲಿ ಲಗೇಜು ಬರುವ ಬೆಲ್ಟಿನ ಹತ್ತಿರ ಬಂದು ಏಳು ನಿಮಿಷ ನಿಲ್ಲುತ್ತಿದ್ದರು. ಆಗ ವಿಮಾನಗಳನ್ನು ದೂರದ ಗೇಟುಗಳಲ್ಲಿ ನಿಲ್ಲಿಸಿ, ಲಗೇಜನ್ನು ಕೊನೆಯ ಬೆಲ್ಟಿಗೆ ಕಳುಹಿಸಿದರು. ಜನ ಆರು ಪಟ್ಟು ಹೆಚ್ಚು ನಡೆದರು. ದೂರುಗಳು ಹೆಚ್ಚುಕಡಿಮೆ ಇಲ್ಲವಾದವು.

ಇದನ್ನು ಮೋಸ ಎನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಬೆಲ್ಟಿನ ಮುಂದೆ ಏಳು ನಿಮಿಷ ನಿಂತವನು ಒಳ್ಳೆಯವನಾಗಿ ಉಳಿಯುವುದಿಲ್ಲ. ಮುಂದಿನವರ ಕಾಲ ಮೇಲೆ ಟ್ರಾಲಿ ಹತ್ತಿಸುತ್ತಾನೆ, ಹಾದುಹೋಗುವ ಪ್ರತಿ ಕಪ್ಪು ಪೆಟ್ಟಿಗೆಯನ್ನೂ ತನ್ನದೇ ಎಂದು ಎಳೆದು ನೋಡುತ್ತಾನೆ, ತನ್ನದಲ್ಲವೆಂದು ತಿಳಿದಾಗ ಅದರ ಒಡೆಯನನ್ನೇ ದುರುಗುಟ್ಟಿ ನೋಡುತ್ತಾನೆ. ಅವನನ್ನು ಆ ಏಳು ನಿಮಿಷವೂ ನಡೆಸುವುದೇ ವಾಸಿ. ಹ್ಯೂಸ್ಟನ್‌ನವರ ಉಪಾಯವನ್ನು ಒಪ್ಪಿದ ಮೇಲೂ ನನ್ನದೊಂದು ಸಣ್ಣ ತಕರಾರಿದೆ. ಟ್ರಾಲಿಗಳನ್ನು ಎಲ್ಲರೂ ಬೆಲ್ಟಿನ ಪಕ್ಕದಲ್ಲೇ ಸಾಲಾಗಿ ಜೋಡಿಸಿಡುತ್ತಾರೆ. ವಿಮಾನದ ಬಾಗಿಲ ಹತ್ತಿರವೇ ನಾಲ್ಕು ಇಟ್ಟಿದ್ದರೆ ಹೆಗಲ ಚೀಲವನ್ನಾದರೂ ಅದರ ಮೇಲೆ ಹೇರಿಕೊಂಡು ಬರಬಹುದಿತ್ತು.