ಹಳೆ ವಸ್ತ್ರ ಅಂದ್ರೆ ಧರ್ಮಕ್ಕೆ ಕೊಡ್ಬೇಕಾ?

80 ರೂಪಾಯಿ. ಮಗಳಿಗೆ ಸಣ್ಣದಾದ ಒಂದು ಹತ್ತಿಯ ಫ್ರಾಕನ್ನು ಫೋಟೋ ಹಾಕಿ ಮಾರಲು ಇಟ್ಟಾಗ ನಾನು ಹೇಳಿದ ಕ್ರಯ ಇಷ್ಟೇ. ಹೊಸತು ತರುವಾಗ 349 ಕೊಟ್ಟಿದ್ದೆ. ಮಗಳು ಹಾಕಿದ್ದು ಹೆಚ್ಚೆಂದರೆ ಹತ್ತು ಸಲ. ಬಣ್ಣ ಹೋಗಿಲ್ಲ, ಹೊಲಿಗೆ ಬಿಟ್ಟಿಲ್ಲ, ಒಂದು ಕಲೆ, ಕರೆ ಇಲ್ಲ. ಅದಕ್ಕೆ ಬಂದ ಉತ್ತರ ಏನು ಗೊತ್ತಾ? “ಹಳೆ ವಸ್ತ್ರಕ್ಕೆ 80 ಆ ಅಕ್ಕ? 20ರ ಹಾಗೆ ಕೊಡಿ, ಹತ್ತು ತಗೊಳ್ತೇನೆ.”

ಕಮ್ಮಿ ಕೇಳಿದ್ದಕ್ಕೆ ನನಗೆ ಸಿಟ್ಟಿಲ್ಲ. ಮಾರ್ಕೆಟಿನಲ್ಲಿ ಬಸಳೆ ಕಟ್ಟಿಗೆ ನಾನೂ ಚೌಕಾಸಿ ಮಾಡುತ್ತೇನೆ. ಹತ್ತು ರೂಪಾಯಿ ಕಮ್ಮಿ ಕೇಳುತ್ತೇನೆ. ಬಿಟ್ಟರೆ ಸರಿ, ಇಲ್ಲದಿದ್ದರೆ ಹೇಳಿದಷ್ಟು ಕೊಟ್ಟು ಬರುತ್ತೇನೆ. ನನಗೆ ಮೈ ಉರಿದದ್ದು ಆಮೇಲಿನ ಮಾತಿಗೆ. “ನಿಮಗೆ ಹೇಗೂ ಬೇಡದ್ದಲ್ವಾ?” ಈ ಮಾತನ್ನು ಎರಡು ತಿಂಗಳಲ್ಲಿ ಎಷ್ಟು ಜನರ ಬಾಯಲ್ಲಿ ಕೇಳಿದೆನೋ ಲೆಕ್ಕ ಇಲ್ಲ. ನನಗೆ ಬೇಡ ಅಂದ ಮಾತ್ರಕ್ಕೆ ಅದು ಕಸವಾ? ಅದು ನನ್ನ ಮಕ್ಕಳಿಗೆ ಸಣ್ಣದಾದ ವಸ್ತ್ರ. ಹಾಳಾದ ವಸ್ತ್ರ ಅಲ್ಲ.

ನಮ್ಮ ಮನೆ ಮಂಗಳೂರಿನ ಬಿಜೈಯಲ್ಲಿ. ಮಗಳಿಗೆ ನಾಲ್ಕು ವರ್ಷ, ಮಗನಿಗೆ ಎರಡು ಆಗುತ್ತಾ ಬಂತು. ಇನ್ನು ಮಗು ಬೇಡ ಅಂತ ನಾವಿಬ್ಬರೂ ತೀರ್ಮಾನ ಮಾಡಿ ಆಗಿದೆ. ಎರಡು ಕಪಾಟು ತುಂಬ ವಸ್ತ್ರ ಉಂಟು. ಮಕ್ಕಳನ್ನು ಬೆಳೆಸಿದವರಿಗೆ ಇದು ಹೊಸ ವಿಷಯ ಅಲ್ಲ. ಹುಟ್ಟುವಾಗ ಸುಮಾರು 50 ಸೆಂಟಿಮೀಟರ್ ಉದ್ದ ಇರುವ ಮಗು ವರ್ಷ ತುಂಬುವಾಗ 75ರ ಹತ್ತಿರ ಬಂದಿರುತ್ತದೆ. ತೂಕ ಐದಾರು ತಿಂಗಳಿಗೇ ಎರಡು ಪಾಲು, ವರ್ಷಕ್ಕೆ ಮೂರು ಪಾಲು. ಮೊದಲ ವರ್ಷದಲ್ಲೇ ಮೂರು ನಾಲ್ಕು ಸೈಜು ದಾಟಿಹೋಗುತ್ತದೆ. ಅಂಗಿ ಸವೆಯಲಿಕ್ಕೆ ಪುರುಸೊತ್ತೇ ಸಿಗುವುದಿಲ್ಲ. ತೊಟ್ಟಿಲಿಗೆ ಹಾಕುವ ದಿನ ನೆಂಟರು ತಂದದ್ದರಲ್ಲಿ ಕೆಲವು ಒಂದು ಸಲವೂ ಹಾಕದೆ ಸಣ್ಣದಾದವು. ಬೆಂಗಳೂರಿನವರು ಕೊಟ್ಟ ಉಣ್ಣೆ ಸ್ವೆಟರ್ ಐದು ಉಂಟು. ಮಂಗಳೂರಿನ ಸೆಕೆಯಲ್ಲಿ ಅದನ್ನು ಯಾವಾಗ ಹಾಕುವುದು? ಹೊಸದಾಗಿಯೇ ಕೂತಿವೆ.

ಕ್ರಯ ಇಡುವಾಗ ನಾನು ಸುಮ್ನೆ ಬಾಯಿಗೆ ಬಂದದ್ದು ಹೇಳಲಿಲ್ಲ. ಎರಡು ರಾತ್ರಿ ಕೂತು ಲೆಕ್ಕ ಹಾಕಿದೆ. ಚೀಟಿಯೂ ತೆಗೆಯದ ಹೊಸತಕ್ಕೆ ಅರ್ಧ ಕ್ರಯ. ನಾಲ್ಕೈದು ಸಲ ಹಾಕಿ ಲಾಯ್ಕ ಉಳಿದದ್ದಕ್ಕೆ ಮೂರನೇ ಒಂದು ಪಾಲು. ದಿನಾ ಹಾಕಿದ್ದಕ್ಕೆ ಕಾಲು ಭಾಗ, ಕೆಲವಕ್ಕೆ ಅದಕ್ಕಿಂತಲೂ ಕಮ್ಮಿ. ಜಬಲಾ, ಸಣ್ಣ ಚಡ್ಡಿಗಳನ್ನು ಬಿಡಿಬಿಡಿಯಾಗಿ ಮಾರಲಿಲ್ಲ. ಸೈಜು ನೋಡಿ ಹತ್ತರ ಕಟ್ಟು ಮಾಡಿ 150 ಇಟ್ಟೆ. ಲಂಗೋಟಿ ಮಾರಲೇ ಇಲ್ಲ, ಅದು ನೆಲ ಒರೆಸಲಿಕ್ಕೆ ಹೋಯಿತು. ಇಲಾಸ್ಟಿಕ್ ಸಡಿಲ ಆದದ್ದು, ಟಿಚ್ ಬಟನ್ ತುಕ್ಕು ಹಿಡಿದು ಸುತ್ತ ಕಂದು ಬಣ್ಣ ಬಿಟ್ಟದ್ದು, ಮಗುವಿಗೆ ತಿನ್ನಿಸಿದ ರಾಗಿ ಮಣ್ಣಿಯ ಕರೆ ಉಳಿದದ್ದು, ಎಲ್ಲವನ್ನೂ ಬೇರೆ ಮಾಡಿದೆ. ಒಂದು ಚಂದದ ಹಳದಿ ಫ್ರಾಕ್ ಇತ್ತು, 1,200 ಕೊಟ್ಟು ತಂದದ್ದು. ಅಜ್ಜಿಮನೆಯಲ್ಲಿ ಮಗಳು ಗೇರುಹಣ್ಣು ತಿಂದು ಎದೆಗೆಲ್ಲ ಸುರಿಸಿಕೊಂಡಿದ್ದಳು. ಗೇರಿನ ಕರೆ ಹೋಗುವುದಿಲ್ಲ ಅಂತ ನಮ್ಮೂರಲ್ಲಿ ಯಾರಿಗೆ ಗೊತ್ತಿಲ್ಲ? ಮಡಚಿ ಇಟ್ಟರೆ ಫೋಟೋದಲ್ಲಿ ಕಾಣುತ್ತಿರಲಿಲ್ಲ. ಆದರೂ ಅದನ್ನು ಮಾರಲು ಮನಸ್ಸು ಬರಲಿಲ್ಲ.

ಒಂದೊಂದು ಕಂಪನಿಯ ಸೈಜು ಒಂದೊಂದು ಥರ ಅಂತ ಟೇಪು ಹಿಡಿದು ಹೆಗಲಿನಿಂದ ಕೆಳಗಿನವರೆಗೆ ಅಳೆದು ಬರೆದಿದ್ದೇನೆ. ಅದನ್ನೂ ಓದುವುದಿಲ್ಲ. “ನನ್ನ ಮಗನಿಗೆ ಆಗ್ತದಾ?” ಅಂತ ಕೇಳುತ್ತಾರೆ. ಮಗನಿಗೆ ಎಷ್ಟು ತಿಂಗಳು ಅಂತ ಹೇಳುವುದಿಲ್ಲ.

ಮತ್ತೆ ಇದರ ಹಿಂದಿನ ಕೆಲಸ. ಅದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ನಮ್ಮ ಊರಿನ ಮಳೆ ಎಂಥದ್ದು ಅಂತ ನಿಮಗೆ ಹೇಳಬೇಕಾ? ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಸುರಿಯುವ ಊರು, ಅದರಲ್ಲಿ ಹೆಚ್ಚಿನದ್ದು ಜೂನಿನಿಂದ ಸೆಪ್ಟೆಂಬರಿನ ಒಳಗೆ. ಆ ನಾಲ್ಕು ತಿಂಗಳು ಸಣ್ಣ ಮಗು ಇರುವ ಮನೆಯಲ್ಲಿ ಹಗ್ಗದ ಮೇಲೆ ಒದ್ದೆ ವಸ್ತ್ರ ತಪ್ಪಿದ್ದಲ್ಲ. ಚಾವಡಿಯಲ್ಲಿ ಹಗ್ಗ, ಮಲಗುವ ಕೋಣೆಯಲ್ಲಿ ಹಗ್ಗ, ಅಡುಗೆಮನೆಯ ಬಾಗಿಲ ಹಿಂದೆ ಹಗ್ಗ. ಫ್ಯಾನಿನ ಕೆಳಗೆ ಒಣಗಿಸಿ ಇಸ್ತ್ರಿ ಹಾಕಿದರೂ ಆ ಒಂದು ವಾಸನೆ ಹೋಗುವುದಿಲ್ಲ. ಹದಿನೈದು ದಿನ ಮುಟ್ಟದೆ ಕಪಾಟಿನಲ್ಲಿ ಇಟ್ಟರೆ ಬೂಸ್ಟು ಬರುತ್ತದೆ, ಕಾಲರಿನಲ್ಲಿ ಕಪ್ಪು ಚುಕ್ಕೆ ಏಳುತ್ತದೆ.

ನಾಲ್ಕು ಮಳೆಗಾಲ ಇಷ್ಟು ವಸ್ತ್ರವನ್ನು ಬೂಸ್ಟು ಹಿಡಿಯದ ಹಾಗೆ ಕಾಪಾಡಿದ್ದೇನೆ. ಮಳೆಗಾಲದ ನಡುವಿನ ಆಟಿ ತಿಂಗಳ ಬಿಸಿಲಿಗೆ ಆನೆಯ ಬೆನ್ನೂ ಒಡೆಯುತ್ತದೆ ಅಂತ ಹಿರಿಯರು ಹೇಳುವುದುಂಟಲ್ಲ, ಅಂಥ ಒಂದು ದಿನ ಸಿಕ್ಕಿದರೆ ಸಾಕು, ಎಲ್ಲವನ್ನೂ ಹೊತ್ತುಕೊಂಡು ಟೆರೇಸಿಗೆ ಹೋಗಿ ಹರಡುತ್ತಿದ್ದೆ. ಮೋಡ ಕಂಡ ಕೂಡಲೇ ಮಗುವನ್ನು ಸೊಂಟದಲ್ಲಿ ಇಟ್ಟುಕೊಂಡು ಓಡಿ ಎತ್ತುತ್ತಿದ್ದೆ. ಸಾಬೂನು ಹುಡಿ ಮಗುವಿನ ಮೈಗೆ ಆಗುವುದಿಲ್ಲ ಅಂತ ಅಮ್ಮ ಊರಿನಿಂದ ಅಂಟುವಾಳ ಕಳಿಸುತ್ತಿದ್ದರು. ಸಣ್ಣ ಜಬಲಾಗಳೆಲ್ಲ ಅದರಲ್ಲೇ ಒಗೆದದ್ದು. ನುಸಿಗುಳಿಗೆ ಮಗುವಿನ ವಸ್ತ್ರದ ನಡುವೆ ಇಡಬೇಡಿ, ಕೆಲವು ಮಕ್ಕಳ ರಕ್ತಕ್ಕೆ ಅದರಿಂದ ತೊಂದರೆ ಆಗುತ್ತದೆ ಅಂತ ಡಾಕ್ಟ್ರು ಹೇಳಿದ್ದರು. ಹಾಗಾಗಿ ಕಹಿಬೇವಿನ ಎಲೆ ಒಣಗಿಸಿ ಬಟ್ಟೆಯಲ್ಲಿ ಕಟ್ಟಿ ಇಟ್ಟೆ, ಎರಡು ತಿಂಗಳಿಗೊಮ್ಮೆ ಬದಲಿಸಿದೆ. ಆ 80 ರೂಪಾಯಿಯಲ್ಲಿ ಇದೆಲ್ಲ ಸೇರಿದೆ. ಇದಕ್ಕೆ ಕೂಲಿ ಹಾಕಿ ಕ್ರಯ ಹೇಳಿದ್ದರೆ ಯಾರಿಗೂ ಕೊಳ್ಳಲಿಕ್ಕೆ ಆಗುತ್ತಿರಲಿಲ್ಲ.

ಇದೇ ಜನ ಮಾಲಿನಲ್ಲಿ 1,499ರ ಚೀಟಿ ಇರುವ ಸಣ್ಣ ಶರ್ಟಿಗೆ ಒಂದು ಮಾತು ಆಡದೆ ದುಡ್ಡು ಕೊಡುತ್ತಾರೆ. ಮೂರು ತಿಂಗಳಿಗೆ ಅದು ಸಣ್ಣದಾಗುತ್ತದೆ ಅಂತ ಗೊತ್ತಿದ್ದೇ ಕೊಡುತ್ತಾರೆ.

ಉಡುಪಿಯ ಒಬ್ಬರದ್ದು ಹೇಳುತ್ತೇನೆ. ಮೂರು ದಿನ ಫೋಟೋ ಕೇಳಿದರು. ಮುಂದಿನದ್ದು, ಹಿಂದಿನದ್ದು, ಒಳಗಿನ ಹೊಲಿಗೆಯದ್ದು. ಮಗುವನ್ನು ಮಲಗಿಸಿ ರಾತ್ರಿ ಹನ್ನೊಂದಕ್ಕೆ ಲೈಟು ಹಾಕಿ ತೆಗೆದು ಕಳಿಸಿದೆ. ಆರು ಅಂಗಿ, ಎರಡು ಪ್ಯಾಂಟು, 600 ಅಂತ ಮಾತಾಯಿತು. “ಅಕ್ಕ, ಬಸ್ಸಿನಲ್ಲಿ ಹಾಕಿಬಿಡಿ, ಸಿಕ್ಕಿದ ಕೂಡಲೇ ದುಡ್ಡು ಹಾಕ್ತೇನೆ.” ನಮ್ಮ ಕಡೆ ಬಸ್ಸಿನಲ್ಲಿ ಕಟ್ಟು ಕಳಿಸುವುದು ಎಲ್ಲರಿಗೂ ಅಭ್ಯಾಸ ಇರುವುದೇ. ನಂಬಿದೆ. ಮಂಗಳೂರಿನ ಲಾಲ್‌ಬಾಗಿನಲ್ಲಿ ಮಳೆಯಲ್ಲಿ ಕೊಡೆ ಹಿಡಿದು ನಿಂತು, ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರಿಗೆ 50 ಕೊಟ್ಟು, ಬಸ್ಸಿನ ಹೆಸರು, ಕಂಡಕ್ಟರ್ ನಂಬರು, ತಲುಪುವ ಹೊತ್ತು ಎಲ್ಲವನ್ನೂ ಕಳಿಸಿದೆ. ಸಂಜೆಗೆ ಕಂಡಕ್ಟರ್ ಫೋನ್ ಮಾಡಿದರು. “ಅಕ್ಕ, ನಿಮ್ಮ ಕಟ್ಟು ಕೇಳಿಕೊಂಡು ಯಾರೂ ಬರ್ಲಿಲ್ಲ. ನಾನು ಎರಡು ಸಲ ಫೋನ್ ಮಾಡಿದೆ, ತೆಗೀಲಿಲ್ಲ.” ಮರುದಿನ ಅದೇ ಕಂಡಕ್ಟರ್ ವಾಪಸ್ ತಂದುಕೊಟ್ಟರು. ದುಡ್ಡು ಬೇಡ ಅಂದರು. ಅವರಿಗೆ ಇದ್ದ ಮರ್ಯಾದೆ ಆ ಹೆಂಗಸಿಗೆ ಇರಲಿಲ್ಲ. ನಾಲ್ಕು ದಿನದ ನಂತರ ಅವರ ಮೆಸೇಜು. “ಬೇರೆ ಕಡೆ ಸಿಕ್ಕಿತು.” “ಸಾರಿ” ಅಂತ ಒಂದು ಶಬ್ದವೂ ಇಲ್ಲ. ಬೇಡ ಅಂತ ಒಂದು ಮಾತು ಮೊದಲೇ ಹೇಳಲಿಕ್ಕೆ ಎಷ್ಟು ಹೊತ್ತು ಬೇಕು?

ಇದಕ್ಕಿಂತಲೂ ನೋವಾದದ್ದು ಬೇರೆ ಉಂಟು. ನಮ್ಮದೇ ಫ್ಲ್ಯಾಟಿನ ಒಬ್ಬರು ಮನೆಗೆ ಬಂದು ಕೂತು ಎಲ್ಲವನ್ನೂ ಬಿಚ್ಚಿ ನೋಡಿದರು. ಆಮೇಲೆ “ನಮ್ಮ ಮಗುವಿಗೆ ನಾವು ಇನ್ನೊಬ್ಬರು ಹಾಕಿದ್ದು ಹಾಕುವುದಿಲ್ಲ. ಕೆಲಸದವಳ ಮಗುವಿಗೆ ನೋಡ್ತಿದ್ದೆ. ಅವಳ ಮಗುವಿಗಾದರೆ ಕರೆ ಇದ್ದರೂ ಅಡ್ಡಿ ಇಲ್ಲ, ಕಮ್ಮಿಗೆ ಇರುವುದು ಕೊಡಿ” ಅಂದರು. ಬದಿಗಿಟ್ಟಿದ್ದ ಆ ಗೇರಿನ ಕರೆಯ ಫ್ರಾಕನ್ನು ಕೈಯಲ್ಲಿ ಹಿಡಿದು “ಇದು ಧಾರಾಳ ಆಯ್ತು” ಅಂದರು. ನಾನು ಕೊಡುವುದಿಲ್ಲ ಅಂದೆ. ಮುಖ ಸಣ್ಣ ಮಾಡಿಕೊಂಡು ಹೋದರು. ಯಾಕೆ, ಅವರ ಮನೆಯ ಪಾತ್ರೆ ತೊಳೆಯುವವಳ ಮಗು ಮಗು ಅಲ್ವಾ? ಅದಕ್ಕೆ ಕರೆ ಇಲ್ಲದ ಅಂಗಿ ಹಾಕಬಾರದಾ? ಅವರ ಮಗು ಹಾಕಬಾರದು ಅನ್ನುವುದನ್ನು ಆ ಮಗು ಯಾಕೆ ಹಾಕಬೇಕು? ಬರೆಯುವಾಗಲೂ ನನಗೆ ಕೈ ನಡುಗುತ್ತದೆ. ನಾನು ಹುಟ್ಟಿದಾಗ ದೊಡ್ಡಮ್ಮನ ಮಗಳ ಅಂಗಿಗಳನ್ನೇ ಹಾಕಿದ್ದರಂತೆ. ಅಜ್ಜನ ಹಳೆ ಪಂಚೆ ಹರಿದು ನನ್ನನ್ನು ಸುತ್ತಿದ್ದರಂತೆ. ಒಗೆದು ಒಗೆದು ಮೆತ್ತಗಾದ ಹತ್ತಿ ಎಳೆ ಮಗುವಿನ ಚರ್ಮಕ್ಕೆ ಹೊಸತಕ್ಕಿಂತ ಒಳ್ಳೆಯದು ಅಂತ ಅಮ್ಮ ಈಗಲೂ ಹೇಳುತ್ತಾರೆ. ಅಕ್ಕನದ್ದು ತಂಗಿಗೆ, ಅಣ್ಣನದ್ದು ತಮ್ಮನಿಗೆ, ಉಳಿದದ್ದು ಪಕ್ಕದ ಮನೆಗೆ. ಅದರಲ್ಲಿ ಯಾರಿಗೂ ಅವಮಾನ ಇರಲಿಲ್ಲ.

“ಮಾರುವುದು ಯಾಕೆ, ಆಶ್ರಮಕ್ಕೆ ಕೊಡಬಹುದಲ್ಲ” ಅನ್ನುವವರೂ ಉಂಟು. ಮೂರು ಚೀಲ ಕೊಟ್ಟಿದ್ದೇನೆ. ಮೊದಲೇ ಕೇಳಿ, ಅವರಿಗೆ ಬೇಕಾದ ಸೈಜು ನೋಡಿ, ಒಗೆದು ಇಸ್ತ್ರಿ ಹಾಕಿ ಕೊಟ್ಟದ್ದು. ಅದನ್ನು ಎಲ್ಲಿಯೂ ಹೇಳಿಕೊಂಡಿಲ್ಲ, ಈಗ ಹೇಳಬೇಕಾಯಿತು. ಉಳಿದದ್ದನ್ನು ಮಾರುವುದು ನನಗೆ ಆ ದುಡ್ಡು ಬೇಕು ಅಂತ. ಮಗಳಿಗೆ ಶಾಲೆಯ ಯೂನಿಫಾರ್ಮು ಎರಡು ಜೊತೆ ತೆಗೆಯಬೇಕು, ರೈನ್‌ಕೋಟು ತೆಗೆಯಬೇಕು. ಎರಡನೇ ಹೆರಿಗೆಯ ನಂತರ ನಾನು ಕೆಲಸ ಬಿಟ್ಟು ಮನೆಯಲ್ಲಿ ಇದ್ದೇನೆ. ಈ ದುಡ್ಡು ನನಗೆ ಸಣ್ಣದಲ್ಲ. “ಇಷ್ಟು ತಲೆಬಿಸಿ ಯಾಕೆ, ಬಿಸಾಡು” ಅಂತ ಒಬ್ಬರು ಸಲಹೆ ಕೊಟ್ಟರು. ಎಲ್ಲಿಗೆ ಬಿಸಾಡುವುದು? 2019ರ ಆಗಸ್ಟಿನ ಮಳೆಗೆ ನಗರದ ಕಸ ಸುರಿಯುವ ಪಚ್ಚನಾಡಿಯ ಕಸದ ಗುಡ್ಡ ಜರಿದು ಕೆಳಗಿನ ಮಂದಾರ ಊರಿನ ಮೇಲೆ ಬಂದದ್ದು ಇಷ್ಟು ಬೇಗ ಮರೆತುಹೋಯಿತಾ? ಜನ ಮನೆ ಬಿಟ್ಟು ಹೋಗಬೇಕಾಯಿತು, ತೋಟಗಳು ಕಸದ ಅಡಿಗೆ ಹೋದವು. ಮಗು ಹಾಕಬಹುದಾದ ಅಂಗಿಯನ್ನು ನಾನು ಅಲ್ಲಿಗೆ ಕಳಿಸುವುದಿಲ್ಲ.

ಈಗ ಅಷ್ಟಮಿಯ ವಿಷಯ. ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದವಳು ಇವತ್ತು ಬರೆಯಲು ಕೂತದ್ದು ಇದಕ್ಕೇ.

ಮಗಳಿಗೆ ಎರಡು ವರ್ಷ ಇದ್ದಾಗ ಮುದ್ದುಕೃಷ್ಣ ವೇಷಕ್ಕೆ ಅಂತ ರಥಬೀದಿಯಲ್ಲಿ 1,450 ಕೊಟ್ಟು ಸೆಟ್ ತೆಗೆದಿದ್ದೆವು. ಹಳದಿ ಕಚ್ಚೆ, ಕೆಂಪು ಶಲ್ಯ, ಕಿರೀಟ, ಸೊಂಟಪಟ್ಟಿ, ಎರಡು ತೋಳಬಂದಿ, ಕೊಳಲು. ಅವಳು ಹಾಕಿದ್ದು ಒಂದೇ ದಿನ. 500 ಇಟ್ಟಿದ್ದೆ. ಅಷ್ಟಮಿಯ ಹಿಂದಿನ ಸಂಜೆ ಒಬ್ಬರು ಬಂದರು. ಅರ್ಧ ಗಂಟೆ ಚೌಕಾಸಿ ಮಾಡಿದರು. ಮಗು ಪಕ್ಕದಲ್ಲೇ ನಿಂತು ಕಿರೀಟ ನೋಡುತ್ತಿತ್ತು. ಆ ಮಗುವಿನ ಮುಖ ನೋಡಿ 350ಕ್ಕೆ ಬಿಟ್ಟೆ. ಅಲ್ಲೇ ಹಾಕಿ ನೋಡಿದರು. ಸರಿಯಾಗಿ ಆಯಿತು.

ಅಷ್ಟಮಿಯ ಮರುದಿನ, ಮೊಸರುಕುಡಿಕೆಯ ದಿನ ಮೆಸೇಜು. “ಮಗುವಿಗೆ ಟೈಟ್ ಆಯ್ತು, ಹಾಕಲೇ ಇಲ್ಲ. ವಾಪಸ್ ತಗೊಂಡು ದುಡ್ಡು ಕೊಡಿ.” ಹಾಕಲೇ ಇಲ್ಲವಾ? ಅವರ ಸ್ಟೇಟಸ್ಸಿನಲ್ಲೇ ಆ ಮಗು ಸ್ಟೇಜಿನ ಮೇಲೆ ಅದೇ ಕಚ್ಚೆ, ಅದೇ ಕಿರೀಟ ಹಾಕಿ ಕೊಳಲು ಹಿಡಿದು ನಿಂತ ಫೋಟೋ ಇತ್ತು. ಆಗುವುದಿಲ್ಲ ಅಂತ ಬರೆದೆ. ನಾನು ಮಗಳನ್ನು ಕರೆದುಕೊಂಡು ಮೊಸರುಕುಡಿಕೆ ನೋಡಲು ಹೋದ ಹೊತ್ತಿಗೆ ಅವರು ನಮ್ಮ ಮನೆಗೆ ಬಂದಿದ್ದಾರೆ. ನಮ್ಮವರಿಗೆ ವಿಷಯ ಗೊತ್ತಿರಲಿಲ್ಲ. ಅತ್ತೆ “ಹಬ್ಬದ ದಿನ ಗಲಾಟೆ ಬೇಡ” ಅಂದರಂತೆ. 350 ಕೊಟ್ಟು ಕಳಿಸಿದ್ದಾರೆ.

ಚೀಲ ಬಿಚ್ಚಿ ನೋಡಿದರೆ ಶಲ್ಯದ ತುಂಬ ನೀಲಿ ಬಣ್ಣ. ಕಚ್ಚೆಯ ಸೊಂಟದ ಹತ್ತಿರವೂ ನೀಲಿ, ಕಿರೀಟದ ಒಳಗೆ ಬೆವರು ಬಣ್ಣ ಸೇರಿ ಅಂಟು. ಒಂದು ತೋಳಬಂದಿ ಇಲ್ಲ. ನಾನು ಅಲ್ಲೇ ಕೂತು ಅತ್ತುಬಿಟ್ಟೆ. 350ಕ್ಕೆ ಅಳುವುದಾ ಅಂತ ನಮ್ಮವರು ಕೇಳಿದರು. 350ಕ್ಕೆ ಅಲ್ಲ. ಮಗುವಿನ ಎದುರಿಗೆ ಸುಳ್ಳು ಹೇಳಿ, ನಾನು ಇಲ್ಲದ ಹೊತ್ತು ನೋಡಿ ಬಂದರಲ್ಲ, ಅದಕ್ಕೆ. ಬಾಡಿಗೆಗೆ ಬೇಕು ಅಂತ ನೇರ ಕೇಳಿದ್ದರೆ 100 ರೂಪಾಯಿಗೆ ಖುಷಿಯಿಂದ ಕೊಡುತ್ತಿದ್ದೆ. ಅಂಥ ಪರಿಸ್ಥಿತಿ ಇದ್ದರೆ ಸುಮ್ನೆಯೂ ಕೊಡುತ್ತಿದ್ದೆ.

ಸ್ಟೇಜಿನ ಫೋಟೋ ಮತ್ತು ನೀಲಿ ಹತ್ತಿದ ಶಲ್ಯದ ಫೋಟೋ, ಎರಡನ್ನೂ ಅವರಿಗೇ ಕಳಿಸಿದ್ದೇನೆ. ಸೆಟ್ಟನ್ನು ಅವರೇ ಇಟ್ಟುಕೊಂಡು ನನ್ನ ದುಡ್ಡು ವಾಪಸ್ ಹಾಕಬೇಕು ಅಂತ ಬರೆದಿದ್ದೇನೆ. ಓದಿದ್ದಾರೆ, ಉತ್ತರ ಇಲ್ಲ. ಸ್ಟೇಟಸ್ಸಿನ ಫೋಟೋ ಮಾತ್ರ ತೆಗೆದಿದ್ದಾರೆ. ದಿನಾ ಬೆಳಿಗ್ಗೆ ಒಂದು ಸಲ ಕೇಳುತ್ತಿದ್ದೇನೆ, ನಾಳೆಯೂ ಕೇಳುತ್ತೇನೆ. ಶಲ್ಯವನ್ನು ಮೂರು ಸಲ ಒಗೆದಾಯಿತು. ನೀಲಿ ಇನ್ನೂ ಹೋಗಿಲ್ಲ.