ಅವಳಿಗೆ ಕನ್ನಡ ಬರುತ್ತೆ ಕಣಪ್ಪಾ

ನಮ್ಮೂರಿನ ಒಬ್ಬ ಆಟೋದವನು ಮಾಡಿದ ಕೆಲಸಕ್ಕೆ ನಾಲ್ಕು ದಿನದಿಂದ ಹೊಟ್ಟೆ ಉರಿಯುತ್ತಿದೆ. ಮನೆಯವರ ಹತ್ತಿರ ಹೇಳಿಕೊಂಡೆ, ಪಕ್ಕದ ಮನೆಯವರ ಹತ್ತಿರ ಹೇಳಿಕೊಂಡೆ. "ಬಿಡ್ರೀ, ಟೂರಿಸ್ಟ್ ಊರಲ್ಲಿ ಇದೆಲ್ಲ ಇದ್ದಿದ್ದೇ" ಅಂದರು. ನನಗೆ ಬಿಡೋಕೆ ಆಗುತ್ತಿಲ್ಲ.

ನಮ್ಮದು ಮೈಸೂರಿನ ಸರಸ್ವತಿಪುರಂ. ಮಹಡಿ ಮೇಲೆ ಒಂದು ರೂಮಿದೆ, ಓದುವ ಹೆಣ್ಣುಮಕ್ಕಳಿಗೆ ಬಾಡಿಗೆಗೆ ಕೊಡುತ್ತೇವೆ. ಈ ಸಲ ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಜರ್ಮನಿಯ ಒಬ್ಬ ಹುಡುಗಿ ಇದ್ದಳು. ಒಂದು ಸೆಮಿಸ್ಟರ್ ಇಲ್ಲಿದ್ದು ಕನ್ನಡ ಕಲಿಯೋಕೆ ಬಂದವಳು. ಅವರ ದೇಶದ ವುರ್ಟ್ಸ್‌ಬುರ್ಗ್ ಅನ್ನೋ ಊರಿನ ವಿಶ್ವವಿದ್ಯಾಲಯದಲ್ಲಿ ಕನ್ನಡ ಹೇಳಿಕೊಡುತ್ತಾರೆ ಅಂತ ನನಗೆ ಗೊತ್ತಾಗಿದ್ದೇ ಅವಳಿಂದ. ಕಿಟೆಲ್ ನಿಘಂಟಿನ ಮರುಮುದ್ರಣ ಕೊಂಡು ತಂದು ಟೇಬಲ್ ಮೇಲೆ ಇಟ್ಟುಕೊಂಡಿದ್ದಳು. 1894ರಲ್ಲಿ ಮೊದಲು ಅಚ್ಚಾದ ಪುಸ್ತಕ ಅದು. "ನಮ್ಮ ದೇಶದವರು ಮಾಡಿದ್ದು, ಆದರೆ ನಿಮ್ಮದು" ಅನ್ನುತ್ತಿದ್ದಳು.

ಆ ಹುಡುಗಿ ಮಾತು ಕಲಿತಿದ್ದು ಕ್ಲಾಸಿನಲ್ಲಿ ಕಡಿಮೆ, ನಮ್ಮ ಅಡುಗೆಮನೆಯಲ್ಲಿ, ದೇವರಾಜ ಮಾರ್ಕೆಟ್ಟಿನಲ್ಲಿ ಜಾಸ್ತಿ. ವಾರಕ್ಕೊಮ್ಮೆ ಚೀಲ ಹಿಡಿದು ಹೊರಡುತ್ತಿದ್ದಳು. ವೀಳ್ಯದೆಲೆ ಕಟ್ಟಿಗೆ ಎಷ್ಟು, ಮಲ್ಲಿಗೆ ಮೊಳಕ್ಕೆ ಎಷ್ಟು ಅಂತ ಚೌಕಾಸಿ ಮಾಡಿ ಬರುತ್ತಿದ್ದಳು. ಅಲ್ಲಿ ಹೂ ಮಾರುವ ಒಬ್ಬ ಅಮ್ಮ ಅವಳ ಹತ್ತಿರ ಅರ್ಧ ಮೊಳಕ್ಕೆ ಯಾವತ್ತೂ ದುಡ್ಡು ತಗೊಳ್ಳಲೇ ಇಲ್ಲ. "ನಮ್ಮ ಮಾತಾಡ್ತದೆ ಮಗು" ಅಂತ ತಾನೇ ಮುಡಿಸಿ ಕಳಿಸುತ್ತಿದ್ದರಂತೆ. ಹೊಸ ಪದ ಸಿಕ್ಕರೆ ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳೋಳು. ಒಗ್ಗರಣೆ, ಮುನಿಸು, ಗೊಣಗು, ಒಬ್ಬಟ್ಟು. ನಮ್ಮತ್ತೆಯನ್ನು ಅಜ್ಜಿ ಅಂತಲೇ ಕರೆಯುತ್ತಿದ್ದಳು, ನನ್ನನ್ನು ಆಂಟಿ.

ಕೊನೆಯ ವಾರ ಅವಳ ಅಮ್ಮ ಬಂದರು. ಮಗಳು ಇದ್ದ ಊರು ನೋಡಿಕೊಂಡು, ಅವಳನ್ನು ಜೊತೆಯಲ್ಲೇ ಕರೆದುಕೊಂಡು ಹೋಗೋಣ ಅಂತ. ಹುಡುಗಿಗೆ ಎಂಥಾ ಸಡಗರ ಗೊತ್ತಾ! ಭಾನುವಾರ ಸಂಜೆ ಅರಮನೆಯ ದೀಪ ತೋರಿಸಿದಳು. ಲಕ್ಷದ ಹತ್ತಿರ ಬಲ್ಬು ಒಟ್ಟಿಗೆ ಹತ್ತಿಕೊಂಡಾಗ ಅಮ್ಮ ಕಣ್ಣೊರೆಸಿಕೊಂಡರಂತೆ. ಹಳೇ ಮರದ ಅರಮನೆ 1897ರಲ್ಲಿ ಸುಟ್ಟುಹೋಗಿದ್ದು, ಈಗಿರೋದು 1912ರಲ್ಲಿ ಮುಗಿದಿದ್ದು, ಎಲ್ಲ ಅವಳೇ ಹೇಳಿದ್ದಾಳೆ, ಗೈಡ್ ಬೇಕಾಗಲಿಲ್ಲ. ಮಾರನೆ ದಿನ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು. ಅದರ ಮಾರನೆ ದಿನ ಸೋಮನಾಥಪುರ. ದಾರಿಯುದ್ದಕ್ಕೂ ಅಮ್ಮನಿಗೆ ಎಲ್ಲರ ಮಾತನ್ನೂ ಜರ್ಮನ್‌ನಲ್ಲಿ ಹೇಳುತ್ತಾ ಬಂದಿದ್ದಾಳೆ. ಕಂಡಕ್ಟರ್ ಏನಂದ, ಕಾಯಿ ಮಾರುವವಳು ಏನಂದಳು, ಒಂದೂ ಬಿಡದೆ.

ಹೊರಡೋಕೆ ಎರಡು ದಿನ ಇತ್ತು. ಅರಮನೆ ಒಳಗೆಲ್ಲ ನೋಡಿಕೊಂಡು ವರಾಹ ಗೇಟಿನಿಂದ ಹೊರಗೆ ಬಂದಿದ್ದಾರೆ. ಅಲ್ಲಿಂದ ಮಾರ್ಕೆಟ್ ಎಷ್ಟು ದೂರ? ನಡೆದೇ ಹೋಗಬಹುದು. ಆದರೆ ಬೆಟ್ಟ ಹತ್ತಿದ್ದಕ್ಕೆ ಅಮ್ಮನ ಮಂಡಿ ಹಿಡಿದುಕೊಂಡಿತ್ತು. ಒಬ್ಬ ಆಟೋದವನು ಬಂದು ಇಂಗ್ಲಿಷಿನಲ್ಲಿ, ಇವತ್ತು ಮಾರ್ಕೆಟ್ ರಜಾ, ಬೇರೆ ಒಂದು ಹಳೇ ಬಜಾರ್ ಇದೆ, ಗಂಧದೆಣ್ಣೆ ತೆಗೆಯೋದನ್ನು ತೋರಿಸುತ್ತಾರೆ, ಐವತ್ತೇ ರೂಪಾಯಿ ಕೊಡಿ ಅಂದಿದ್ದಾನೆ. ಹುಡುಗಿ ಬಾಯಿ ತೆಗೆಯೋದರೊಳಗೆ ಅಮ್ಮ ಹತ್ತಿ ಕೂತಿದ್ದಾರೆ.

ಸ್ವಲ್ಪ ದೂರ ಹೋದ ಮೇಲೆ ಅವನು ಫೋನ್ ತೆಗೆದ. ಹುಡುಗಿ ನನಗೆ ಅಕ್ಷರಕ್ಕೆ ಅಕ್ಷರ ಒಪ್ಪಿಸಿದ್ದಾಳೆ. "ಅಣ್ಣ, ಎರಡು ಫಾರಿನ್ ಪಾರ್ಟಿ ಅವೆ, ಕರ್ಕೊಂಡ್ ಬತ್ತಾ ಇವ್ನಿ. ಚೆನ್ನಾಗಿ ಬಿಚ್ಚಿಸು. ನಂದು ಮರೀಬೇಡ."

ಅಮ್ಮ ಕೇಳಿದರು, ಏನಂತೆ ಅಂತ. ನಾಲ್ಕು ದಿನದಿಂದ ಎಲ್ಲ ಮಾತನ್ನೂ ಹೇಳಿಕೊಂಡು ಬಂದ ಹುಡುಗಿ ಮೊದಲ ಸಲ ಸುಳ್ಳು ಹೇಳಿದಳು. "ಮನೆಗೆ ಫೋನ್ ಮಾಡಿದ್ದಾರೆ, ಊಟಕ್ಕೆ ಲೇಟಾಗುತ್ತೆ ಅಂತ ಹೇಳ್ತಿದ್ದಾರೆ" ಅಂದಳಂತೆ.

ಇದನ್ನು ಕೇಳಿದಾಗಿನಿಂದ ನನಗೆ ನಿದ್ದೆ ಇಲ್ಲ. ಯಾರ ಮಾನ ಕಾಪಾಡೋಕೆ ಆ ಸುಳ್ಳು? ನಮ್ಮದು. ನಮ್ಮ ಊರಿನದು. ಅಮ್ಮನ ಮುಂದೆ ಮೈಸೂರು ಸಣ್ಣದಾಗಬಾರದು ಅಂತ ಜರ್ಮನಿಯ ಮಗು ನಾಲಿಗೆ ಕಚ್ಚಿಕೊಂಡು ಕೂತಿದೆ. ಇಲ್ಲೇ ಹುಟ್ಟಿ ಬೆಳೆದವನಿಗೆ ಆ ಯೋಚನೆ ಬರಲಿಲ್ಲ.

ಆ ಗಲ್ಲಿಯ ಅಂಗಡಿಯಲ್ಲಿ ಟೀ ಕೊಟ್ಟಿದ್ದಾರೆ, ಕೈಗೆಲ್ಲ ಎಣ್ಣೆ ಸವರಿದ್ದಾರೆ, ಮುಕ್ಕಾಲು ಗಂಟೆ ಎದ್ದೇಳೋಕೆ ಬಿಟ್ಟಿಲ್ಲ. ಆರು ಪುಟ್ಟ ಬಾಟಲಿಗೆ 7,200 ರೂಪಾಯಿ. ಬಿಲ್ ಇಲ್ಲ. ಊರಿನಲ್ಲಿರುವ ತಮ್ಮ ತಾಯಿಗೆ, ಅಂದರೆ ಹುಡುಗಿಯ ಅಜ್ಜಿಗೆ ಅಂತ ಅಮ್ಮ ಖುಷಿಯಿಂದ ಕೊಂಡರು. ಅದಕ್ಕೂ ಕಾರಣ ಹುಡುಗಿಯೇ ಹೇಳಿದ ಕತೆ. ಮೊದಲ ಮಹಾಯುದ್ಧಕ್ಕೆ ಮುಂಚೆ ಮೈಸೂರಿನ ಗಂಧದ ಕೊರಡು ಹಡಗು ಹತ್ತಿ ಜರ್ಮನಿಗೂ ಹೋಗುತ್ತಿತ್ತು, ಎಣ್ಣೆ ತೆಗೆಯೋದು ಅಲ್ಲಿ. ಯುದ್ಧ ಬಂದು ಅದು ನಿಂತು ಹೋಯಿತು. ಆಮೇಲೆ 1916ರಲ್ಲಿ ನಾಲ್ವಡಿಯವರ ಕಾಲದಲ್ಲಿ ನಮ್ಮಲ್ಲೇ ಫ್ಯಾಕ್ಟರಿ ಆಯಿತು. ಎರಡೂ ಊರಿಗೆ ಸೇರಿದ ವಾಸನೆ ಅಂತ ಆ ಅಮ್ಮನಿಗೆ ಅದೊಂದು ಆಸೆ.

ಸಂಜೆ ಬಾಟಲಿ ತಂದು ನಮ್ಮತ್ತೆಗೆ ತೋರಿಸಿದರು. ಅತ್ತೆಯ ತಂದೆ ಅದೇ ಗಂಧದೆಣ್ಣೆ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದವರು. ಸಂಜೆ ಅಪ್ಪ ಮನೆಗೆ ಬಂದರೆ ಅಂಗಿಯೇ ಗಮಗಮ ಅನ್ನುತ್ತಿತ್ತು ಅಂತ ಈಗಲೂ ಹೇಳುತ್ತಾರೆ. ಮರ ಬಲಿತು ಒಳಗೆ ಚೇಗು, ಅಂದರೆ ವಾಸನೆಯ ತಿರುಳು, ಕಟ್ಟೋಕೆ ಎಷ್ಟೋ ವರ್ಷ ಬೇಕು, ಹೊರಗಿನ ಬಿಳಿ ಮರಕ್ಕೆ ವಾಸನೆಯೇ ಇರಲ್ಲ, ಅದಕ್ಕೇ ಆ ಎಣ್ಣೆಗೆ ಅಷ್ಟು ಬೆಲೆ. ಅತ್ತೆ ಮುಚ್ಚಳ ತೆಗೆದು ಒಂದೇ ಸಲ ಮೂಸಿದರು. "ಇದು ಗಂಧ ಅಲ್ಲ ಕಣೇ. ಸೆಂಟು."

ಅಮ್ಮ ಮತ್ತೆ ಕೇಳಿದರು, ಅಜ್ಜಿ ಏನಂದರು ಅಂತ. ಹುಡುಗಿ ತಲೆ ತಗ್ಗಿಸಿಕೊಂಡು ಏನೋ ಹೇಳಿದಳು. ಅಮ್ಮ ನಕ್ಕು ಅತ್ತೆಯ ಕೈ ಹಿಡಿದುಕೊಂಡರು. ಅಜ್ಜಿಗೆ ಇಷ್ಟ ಆಯಿತು ಅಂದಿದ್ದಾಳೆ.

ರಾತ್ರಿ ಅಮ್ಮ ಮಲಗಿದ ಮೇಲೆ ಕೆಳಗೆ ಬಂದು ಅಡುಗೆಮನೆಯಲ್ಲಿ ಕೂತು ಅತ್ತಳು. ನೋಟ್‌ಬುಕ್ ಕೈಯಲ್ಲಿತ್ತು. "ಆಂಟಿ, ಬಿಚ್ಚಿಸು ಅಂದರೆ ಬಟ್ಟೆಗೆ ಹೇಳೋದು ಅಲ್ವಾ? ದುಡ್ಡಿಗೂ ಹೇಳ್ತಾರಾ?" ಅಂತ ಕೇಳಿದಳು. ಒಬ್ಬಟ್ಟು, ಒಗ್ಗರಣೆ ಬರೆದುಕೊಂಡ ಪುಸ್ತಕದಲ್ಲಿ ಅವಳು ಬರೆದುಕೊಂಡು ಹೋದ ಕೊನೆಯ ಕನ್ನಡ ಪದ ಇದು!

ಬೆಳಗ್ಗೆ ಒಂದು ಬಾಟಲಿ ಹಿಡಿದುಕೊಂಡು ಆ ಅಂಗಡಿಗೆ ನಾನೇ ಹೋದೆ. ಒಬ್ಬಳೇ ಹೋದೆ. "ಬಿಲ್ ತೋರಿಸಿ ಮೇಡಂ" ಅಂದ. ಬಿಲ್ ಕೊಟ್ಟಿದ್ದರೆ ತಾನೇ! ಸ್ವಲ್ಪ ಜೋರಾಗಿ ಕೇಳಿದ್ದಕ್ಕೆ, "ಅವ್ರಿಗೇನು ಮೇಡಂ, ಎಂಬತ್ತು ಯೂರೋನೂ ಆಗಲ್ಲ. ನಿಮಗ್ಯಾಕೆ ಸಂಕಟ?" ಅಂದ. ಆ ಅಮ್ಮ ವರ್ಷಗಟ್ಟಲೆ ದುಡ್ಡು ಕೂಡಿಟ್ಟು ಟಿಕೆಟ್ ತೆಗೆದುಕೊಂಡು ಬಂದವರು. ಹುಡುಗಿ ರಜೆಯಲ್ಲಿ ಬೇಕರಿಯಲ್ಲಿ ನಿಂತು ದುಡಿದವಳು. ಬಿಳಿ ಚರ್ಮ ಕಂಡರೆ ದುಡ್ಡಿನ ಮರ ಅನ್ನೋರಿಗೆ ಇದೆಲ್ಲ ಯಾಕೆ ಬೇಕು?

ಪೊಲೀಸರಿಗೆ ದೂರು ಕೊಡೋಣ ಅಂದೆ. ಹುಡುಗಿ ಕೈ ಮುಗಿದಳು. ನಾಳೆ ರಾತ್ರಿ ಬಸ್ಸು, ಅಮ್ಮನಿಗೆ ಗೊತ್ತಾಗೋದು ಬೇಡ ಅಂದಳು. ಇವರಿಗೆ ಬೇಕಾಗಿರೋದೂ ಇದೇ ತಾನೆ? ಹೊರಡುವವರು ಸ್ಟೇಷನ್ ಮೆಟ್ಟಿಲು ಹತ್ತಲ್ಲ. ಚೀಲ ತುಂಬಿಕೊಳ್ಳೋದು, ಉಡುಗೊರೆ ಕೊಳ್ಳೋದು ಕೊನೆಯ ಎರಡು ದಿನದಲ್ಲೇ. ಅದನ್ನು ಚೆನ್ನಾಗಿ ತಿಳಿದುಕೊಂಡೇ ಗೇಟಿನ ಹತ್ತಿರ ಕಾಯುತ್ತಾರೆ.

ಎಲ್ಲ ಆಟೋದವರೂ ಹಾಗಲ್ಲ. ನಮ್ಮ ಬೀದಿಯ ಸ್ಟ್ಯಾಂಡಿನವರು ನಾಲ್ಕು ತಿಂಗಳು ಅವಳನ್ನು ಮೀಟರ್ ಹಾಕಿಕೊಂಡೇ ಓಡಾಡಿಸಿದ್ದಾರೆ. ಅವರ ದುಡಿಮೆಗೂ ಮಸಿ ಬಳಿದಿದ್ದು ಇವನೇ.

ಅಪ್ಪಾ, ನೀನು ಯಾರೋ ನನಗೆ ಗೊತ್ತಿಲ್ಲ. ಹಿಂದಿನ ಸೀಟಿನಲ್ಲಿ ಕೂತಿದ್ದ ಕೆಂಚು ಕೂದಲಿನ ಹುಡುಗಿಗೆ ನಿನ್ನ ಮಾತು ಒಂದೊಂದೂ ಅರ್ಥ ಆಗುತ್ತಿತ್ತು. ಇಳಿಯುವಾಗ ಅವಳು "ಬರ್ತೀನಿ ಅಣ್ಣ" ಅಂದಳಂತೆ. ನೀನು ನಕ್ಕೆಯಂತೆ. ಯಾಕೆ ಹಾಗಂದೆ ಅಂತ ಕೇಳಿದ್ದಕ್ಕೆ, "ಅವರಿಗೆ ಗೊತ್ತಾಗಲಿ ಅಂತ" ಅಂದಳು. ನಿನಗೆ ಗೊತ್ತಾಗಲಿಲ್ಲ.

ನಿನ್ನೆ ಅಲ್ಲ ಮೊನ್ನೆ ರಾತ್ರಿ ಸಬರ್ಬನ್ ಬಸ್ ಸ್ಟ್ಯಾಂಡಿಗೆ ಹೋಗಿ ಏರ್‌ಪೋರ್ಟ್ ಬಸ್ಸು ಹತ್ತಿಸಿ ಬಂದೆವು. ಹುಡುಗಿಯ ತಲೆಯಲ್ಲಿ ಮಲ್ಲಿಗೆ ಇತ್ತು, ಹೂವಿನಮ್ಮ ಕೊನೆಯ ಸಲ ಎರಡು ಮೊಳ ಕೊಟ್ಟಿದ್ದರು. ಅಮ್ಮ ಬ್ಯಾಗಿನಿಂದ ಬಾಟಲಿ ತೆಗೆದು ನನಗೆ ತೋರಿಸಿದರು. ಮಗಳು ಕಲಿಸಿಕೊಟ್ಟ ಒಂದೇ ಒಂದು ವಾಕ್ಯ, ತಡವರಿಸಿಕೊಂಡು, "ಗಂಧ ತುಂಬಾ ಚೆನ್ನಾಗಿದೆ" ಅಂದರು.

ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನೂ "ಹೂಂ, ಚೆನ್ನಾಗಿದೆ" ಅಂದೆ.